ಕಪ್ಪು ಬಟ್ಟೆಯೊಳಗಿದ್ದವಳು ನನ್ನ ತಂಗಿ

ಹೋದ ವರ್ಷ ದೀಪಾವಳಿ ಮುಗಿದ ಮರುವಾರ ನಡೆದದ್ದು ಇದು. ನನ್ನ ತಂಗಿ ಸುಮಾ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಸೂಲಗಿತ್ತಿಯರ ಫೋಟೊ ತೆಗೆಯುತ್ತಿದ್ದಳು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಸಾಗರದಲ್ಲಿ ಲಗೇಜ್ ಆಟೊ ಓಡಿಸುವವನು. ಅವಳ ಸಾಮಾನು ಹೊರಲು ಆಟೊವೇ ಬೇಕು. ಕ್ಯಾಮೆರಾ ಅಂದರೆ ಮರದ ದೊಡ್ಡ ಪೆಟ್ಟಿಗೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸಿ, ತಲೆಗೆ ಕಪ್ಪು ಬಟ್ಟೆ ಹೊದ್ದು ನೋಡಬೇಕು. ಒಂದು ಫೋಟೊಗೆ ಅರ್ಧ ಗಂಟೆ. ಕೊನೆಗೆ ಸಣ್ಣ ಕ್ಯಾಮೆರಾದಲ್ಲಿ ಇನ್ನೊಂದು ತೆಗೆದು, ಅಲ್ಲೇ ಹೊರಬರುವ ಫೋಟೊವನ್ನು ಕೂತವರ ಕೈಗೆ ಕೊಡುತ್ತಾಳೆ.

ಅವತ್ತು ಹುಲಿಕಲ್ ಹತ್ತಿರ ಗುತ್ಯಮ್ಮ ಎಂಬ ಅಜ್ಜಿಯ ಅಂಗಳದಲ್ಲಿದ್ದೆವು. ಸುಮಾ ಬಟ್ಟೆಯೊಳಗೆ ಬಗ್ಗಿದ್ದಳು. ನೋಡಲು ಜನ ಸೇರಿದರು. ಅವರಲ್ಲಿ ನನ್ನ ಗುರುತಿನ ನಾಗರಾಜನೂ ಇದ್ದ.

“ಏನೋ ಮಾರಾಯ, ಸರ್ಕಸ್ ಕಂಪ್ನಿ ತಂದೀಯಾ? ಯಾರೋ ಅದು, ಜ್ವರ ಬಂದೋರ ಹಂಗೆ ಮುಸುಕು ಹಾಕ್ಕಂಡು ನಿಂತಿರೋದು?”

ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು. “ನಂಗೆಂತ ಗೊತ್ತು ಮಾರಾಯ? ಬಾಡಿಗೆಗೆ ಕರೆದ್ರು, ಬಂದೆ” ಎಂದುಬಿಟ್ಟೆ.

ಮೂರು ಅಡಿ ದೂರದಲ್ಲಿದ್ದಳು ಸುಮಾ. ಬಟ್ಟೆಯಿಂದ ತಲೆ ಹೊರಗೆ ಹಾಕಿ, “ಡ್ರೈವರೇ, ಸ್ವಲ್ಪ ಆಚೆ ಸರೀರಿ. ಅಮ್ಮನ ಮೇಲೆ ನಿಮ್ಮ ನೆರಳು ಬೀಳ್ತಿದೆ” ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಬೈಯುತ್ತಲೇ ಬೆಳೆದವಳು. ಆ ಮರ್ಯಾದೆ ಕೆನ್ನೆಗೆ ಹೊಡೆದಂತಾಯಿತು.

ಮತ್ತೆ ಅಜ್ಜಿಯ ಕಡೆ ತಿರುಗಿ, “ಮೂರು ಎಣಿಸೋ ತನಕ ಅಲ್ಲಾಡ್ಬೇಡಿ ಅಮ್ಮ” ಎಂದಳು.

“ಹೆರೋ ಹೆಂಗಸ್ರಿಗೆಲ್ಲ ನಾನ್ ಹೇಳ್ತಿದ್ದ ಮಾತು ಕಣೇ ಇದು. ಈಗ ನನಗೇ ಹೇಳ್ತೀಯಾ!” ಎಂದರು ಗುತ್ಯಮ್ಮ. ಆದರೂ ಕಲ್ಲಿನಂತೆ ಕೂತರು.

ಆಮೇಲೆ ಸಣ್ಣ ಕ್ಯಾಮೆರಾದ ಫೋಟೊ ಅವರ ಅಂಗೈಯಲ್ಲಿ ನಿಧಾನವಾಗಿ ಮೂಡಿತು. ಅಜ್ಜಿ ತುಂಬಾ ಹೊತ್ತು ನೋಡಿದರು. “ಇದು ನಮ್ಮವ್ವನ ಮುಖ ಅಲ್ವೇನೇ! ಅವಳು ಸತ್ತ ಮೇಲೆ ಇವತ್ತೇ ನೋಡಿದ್ದು” ಎಂದು ಸುಮಾಳ ಕೈ ಹಿಡಿದುಕೊಂಡರು. ನಗುತ್ತಿದ್ದವರೆಲ್ಲ ಫೋಟೊ ನೋಡಲು ಹತ್ತಿರ ಬಂದರು. “ಇಷ್ಟು ದೂರ ಒಬ್ಳೇ ಬಂದ್ಯಾ ಮಗಾ? ಮನೆಯೋರು ಯಾರೂ ಬರ್ಲಿಲ್ವಾ?” ಎಂದು ಕೇಳಿದರು ಅಜ್ಜಿ.

ಸುಮಾ ನನ್ನ ಕಡೆ ನೋಡಿದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಆಟೊದ ಹಗ್ಗ ಬಿಗಿಯುತ್ತಾ ನಿಂತೆ.

ಈ ವರ್ಷ ಸಾಗರದಲ್ಲಿ ಆ ಫೋಟೊಗಳನ್ನು ದೊಡ್ಡದು ಮಾಡಿ ಪ್ರದರ್ಶನಕ್ಕೆ ಇಟ್ಟಿದ್ದರು. ಗುತ್ಯಮ್ಮ ಬಾಗಿಲಷ್ಟು ಎತ್ತರವಾಗಿದ್ದರು. ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಜನ ಚಪ್ಪಲಿ ಬಿಟ್ಟು ಒಳಗೆ ಬಂದರು, ಯಾರೂ ಹೇಳಿರಲಿಲ್ಲ. ನನ್ನ ಎದೆ ಉಬ್ಬಿತು. ಸಿಕ್ಕಸಿಕ್ಕವರಿಗೆಲ್ಲ “ನನ್ನ ತಂಗಿ ತೆಗ್ದಿದ್ದು, ನನ್ನ ತಂಗಿ” ಎನ್ನುತ್ತಾ ಓಡಾಡಿದೆ. ಹೊಗಳುವವರ ನಡುವೆ ಆ ಮಾತು ಎಷ್ಟು ಸಲೀಸಾಗಿ ಬಂತು! ನಗುವವರ ನಡುವೆ ಅದನ್ನು ಹೇಳಬೇಕಿತ್ತು ನಾನು.

ಅವಳು ಅವತ್ತಿನ ಮಾತನ್ನು ಎಂದೂ ಎತ್ತಿ ಆಡಿಲ್ಲ. ಕ್ಷಮೆ ಕೇಳಲು ನನಗೂ ಬಾಯಿ ಬಂದಿಲ್ಲ. ಈಗ ಯಾವ ಊರಿಗೆ ಹೋದರೂ, ಪೆಟ್ಟಿಗೆ ಇಳಿಸುವ ಮೊದಲೇ, ಯಾರೂ ಕೇಳದಿದ್ದರೂ, ನಾನು ಅವಳ ಅಣ್ಣ ಎಂದು ಹೇಳಿಬಿಡುತ್ತೇನೆ.