ಹಿಂದಿನ ಬೀದಿಗೆ ತಿರುಗಿದ ಕಾರುಗಳು

ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದ ಒಂದೇ ಉದ್ಯೋಗವೆಂದರೆ ದೊಡ್ಡ ರಸ್ತೆಯ ಕಾರುಗಳನ್ನು ಬೈಯುವುದು. ಮಹಡಿಯ ಕಿಟಕಿಯಲ್ಲಿ ಕೂತು ಪ್ರತಿ ಹಾರ್ನಿಗೂ ಮುಖ ಸಿಂಡರಿಸುತ್ತಿದ್ದ. ನೆರೆಯವರು ‘ಸೈಲೆನ್ಸರ್’ ಎಂದು ಹೆಸರಿಟ್ಟರು. ಮಹಾಶಯ ಅದನ್ನು ಬಿರುದೆಂದೇ ತಿಳಿದುಕೊಂಡ.

ಊರ ನಡುವೆ ಹಾಯುವ ಕಾರುಗಳಿಗೆ ಬದಲಿ ದಾರಿ ಹುಡುಕಲು ನಗರಸಭೆ ಸಭೆ ಕರೆದಾಗ, ಇಸ್ತ್ರಿ ಅಂಗಿ ತೊಟ್ಟು ಮುಂದಿನ ಕುರ್ಚಿ ಹಿಡಿದ. ನಕ್ಷೆಯ ಮೇಲೆ ಬೆರಳೊತ್ತಿ, “ಹಿಂದಿನ ಬೀದಿಗೆ ಕಳಿಸಿ. ಅಲ್ಲಿ ಯಾರಿದಾರೆ ಮಹಾ?” ಎಂದ.

ಅಲ್ಲಿ ಅವನ ಒಡಹುಟ್ಟಿದ ಅಕ್ಕ ಇದ್ದಳು. ಗಂಡ ಹೋದ ಮೇಲೆ, ಬೀದಿಗೆ ತೆರೆದುಕೊಂಡ ಬಾಡಿಗೆ ಕೋಣೆಯಲ್ಲಿ ನರ್ಸುಗಳ ಬಿಳಿ ಕೋಟು ಹೊಲಿದು ಬದುಕುತ್ತಿದ್ದಳು. ತಮ್ಮನಿಗೆ ಅವಳ ನೆನಪಾಗಲಿಲ್ಲ, ಆಗಿದ್ದರೂ ನುಂಗಿಕೊಂಡ.

ದೊಡ್ಡ ರಸ್ತೆಗೆ ಅಡ್ಡಗಂಬಗಳು ಬಿದ್ದವು. ಕಾರುಗಳೆಲ್ಲ ಅಕ್ಕನ ಹೊಸ್ತಿಲಿಗೆ ಉಜ್ಜಿಕೊಂಡು ಓಡತೊಡಗಿದವು. ಬಿಳಿ ಕೋಟುಗಳು ಹೊಲಿದು ಮುಗಿಸುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಬಾಗಿಲಲ್ಲಿ ಅಳತೆ ಕೊಡಲು ನಿಂತ ನರ್ಸೊಬ್ಬಳ ಮೊಣಕೈಗೆ ಕಾರಿನ ಕನ್ನಡಿ ಬಡಿಯಿತು. ಆಮೇಲೆ ಯಾರೂ ಅತ್ತ ಸುಳಿಯಲಿಲ್ಲ.

ಅಕ್ಕ ತಮ್ಮನ ಬಳಿ ಬಂದಳು. “ಏನೋ ಇದು, ನನ್ನ ಹೊಟ್ಟೆ ಮೇಲೆ ಕಾರು ಓಡಿಸ್ಬಿಟ್ಟೆ?”

“ಊರಿನ ಒಳ್ಳೇದಕ್ಕೆ ಸ್ವಲ್ಪ ಸಹಿಸ್ಕೋಬೇಕಕ್ಕ,” ಎಂದು, ತೆರೆದ ಕಿಟಕಿಯ ಬಳಿ ಚಹಾ ಹೀರಿದ.

ಮರುವಾರ ಅವಳ ಹೊಲಿಗೆ ಯಂತ್ರ ಕೈಗಾಡಿಯಲ್ಲಿ ಬಂದಿಳಿಯಿತು. ಅವನ ಕಿಟಕಿಯ ಕೆಳಗಿನ ಕೋಣೆ ಅಪ್ಪ ಅವಳ ಹೆಸರಿಗೆ ಬರೆದಿಟ್ಟದ್ದು; ತಮ್ಮನ ಮುಖ ನೋಡಿ ಇಷ್ಟು ದಿನ ಕೇಳಿರಲಿಲ್ಲ. ಕಾರಿಲ್ಲದ ರಸ್ತೆಯಲ್ಲಿ ನರ್ಸುಗಳು ಆರಾಮಾಗಿ ನಡೆದು ಬಂದರು. ಕೆಲಸ ಹೆಚ್ಚಾಗಿ ಇನ್ನೊಂದು ಯಂತ್ರವೂ ಬಂತು. ಎರಡೂ ಸೇರಿ ಗಡಗಡ ಎಂದರೆ ಅವನ ಚಹಾದ ಬಸಿ ನಡುಗುತ್ತಿತ್ತು.

“ತಲೆ ಸಿಡೀತಿದೆ ಅಕ್ಕ!”

“ನಾನು ದುಡಿಯೋಳಪ್ಪ. ನೀನು ಎಲ್ಲಾದ್ರೂ ತಿರುಗಾಡ್ಕೊಂಡು ಬಾ.”

ಅವನು ಮತ್ತೆ ನಗರಸಭೆಗೆ ಓಡಿ, ಹಿಂದಿನ ಬೀದಿಯ ಬಡವರ ಕಷ್ಟ ನೋಡಲಾಗದೆಂದು ಕಣ್ಣೊರೆಸಿಕೊಂಡ. ಕಾರುಗಳು ಮರಳಿದರೆ ಅಕ್ಕನೂ ಮರಳುತ್ತಾಳೆಂಬುದು ಅವನ ಲೆಕ್ಕಾಚಾರ. ಅಧಿಕಾರಿಗಳು ಒಪ್ಪಿ ಅರ್ಧ ಕಾರುಗಳನ್ನು ದೊಡ್ಡ ರಸ್ತೆಗೆ ತಿರುಗಿಸಿದರು. ಅಕ್ಕ ಮಾತ್ರ ಕದಲಲಿಲ್ಲ. ಬಾಗಿಲಿಗೆ ದಪ್ಪ ಗಾಜು ಹಾಕಿಸಿಕೊಂಡಳು.

ಹಿಂದಿನ ಬೀದಿಯ ಹೆಂಗಸರು ಅವಳನ್ನು ನೋಡಲು ಬಂದಾಗ ಇವನು ಮೆಟ್ಟಿಲ ಮೇಲೆ ನಿಂತು, ಕಾರು ಕಡಿಮೆ ಮಾಡಿಸಿದ್ದು ತಾನೇ ಎಂದು ಹೇಳಿಕೊಂಡ. ಒಬ್ಬಳೂ ತಲೆಯೆತ್ತಿ ನೋಡಲಿಲ್ಲ. ಈಗ ಹಗಲೆಲ್ಲ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು, ಬಸ್ಸುಗಳ ಸದ್ದಿನ ಬಗ್ಗೆ ಗುರುತಿಲ್ಲದವರ ಕಿವಿ ಕೊರೆಯುತ್ತಾನೆ. ಅವರು ಬಸ್ಸು ಬಂತೆಂದು ಎದ್ದು ಹೋಗುತ್ತಾರೆ, ಬರದಿದ್ದರೂ.