ಧರಣಪ್ಪಣ್ಣನ ‘ಬರ್ತೇನೆ’

ಸಂಜೆ ನಾಲ್ಕೂವರೆಯಾದರೆ ಧರಣಪ್ಪಣ್ಣನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಜೈನರು, ಸೂರ್ಯ ಮುಳುಗುವ ಮೊದಲು ಮೂಡಬಿದಿರೆಯ ಮನೆ ಸೇರಿ ಉಣ್ಣಬೇಕು, ತಪ್ಪಿದರೆ ಆ ರಾತ್ರಿ ಉಪವಾಸ. ಆದರೂ ಬಂಟ್ವಾಳದ ನನ್ನ ರಿಪೇರಿ ಅಂಗಡಿಯಿಂದ ಒಮ್ಮೆಲೇ ಹೊರಟವರಲ್ಲ. “ಬರ್ತೇನೆ” ಎನ್ನುವರು, ಮೆಟ್ಟಿಲಿಳಿಯುವರು, ಏನೋ ನೆನಪಾಗಿ ತಿರುಗಿ ಬರುವರು, ಮತ್ತೆ “ಬರ್ತೇನೆ”.

“ಬಸ್ಸು ಹೋಗ್ತದೆ ಅಣ್ಣ” ಎಂದು ನಾನು ಕೀಟಲೆ ಮಾಡಿದರೆ, “ಒಮ್ಮೆಲೇ ಹೊರಡಬಾರ್ದು ಮಾರಾಯ. ಕಾಯಿಲ್ ನೋಡಿದ್ದೀಯಲ್ಲ?” ಎನ್ನುವರು.

ನನಗೆ ಈ ಕೆಲಸ ಕಲಿಸಿದವರೇ ಅವರು. ಕಾಯಿಲ್ ಅಂದರೆ ಯಂತ್ರದ ವಾಲ್ವನ್ನು ಎಳೆಯುವ ತಾಮ್ರದ ಸುರುಳಿ, ಕರೆಂಟು ಕೊಡುವಾಗ ಸಾಧು. ನಿಲ್ಲಿಸಿದ ಕ್ಷಣ ಒಳಗಿದ್ದ ಕರೆಂಟು ದಾರಿ ಕಾಣದೆ ಎಗರಿ, ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರನ್ನೇ ಕೊಲ್ಲುತ್ತದೆ. ಕಾಯಿಲಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದನ್ನು ಉಲ್ಟಾ ಮುಖ ಮಾಡಿ ಹಾಕಿದರೆ ಅಲ್ಲೇ ಸುತ್ತಿ ತಣ್ಣಗಾಗುತ್ತದೆ. “ಹೋಗ್ಲಿಕ್ಕೆ ದಾರಿ ಎಲ್ಲರೂ ಕೊಡ್ತಾರೆ. ತಿರುಗಿ ಬರ್ಲಿಕ್ಕೆ ದಾರಿ ಉಂಟಾ ನೋಡು!” ಎನ್ನುವರು.

ನನ್ನ ಪಾಲಿಗೆ ಅದು ಗೋರ್ಕಲ್ಲ ಮೇಲೆ ಮಳೆ. ಮಾಣಿಯ ಗೇರುಬೀಜದ ಕಾರ್ಖಾನೆಗೆ ಮಾಡಿದ ಬೋರ್ಡಿಗೆ ಡಯೋಡ್ ಹಾಕಲಿಲ್ಲ. ಅಂಗಡಿಯಲ್ಲಿ ಡಯೋಡ್ ಮುಗಿದುಹೋಗಿತ್ತು, ಅವಸರ ಬೇರೆ. ಮೂರು ವಾರ ಚೆನ್ನಾಗಿ ಓಡಿತು. ಆಮೇಲೊಂದು ದಿನ ಟ್ರಾನ್ಸಿಸ್ಟರ್ ಸುಟ್ಟು, ಕಾಯಿಲಿಗೆ ಕರೆಂಟು ನಿಲ್ಲದೆ, ವಾಲ್ವು ತೆರೆದು, ಬೀಜ ಒಡೆಯುವ ಬ್ಲೇಡು ತಾನಾಗಿ ಇಳಿಯಿತು. ಬೀಜ ಇಡುತ್ತಿದ್ದ ಗೀತಕ್ಕನ ಗ್ಲೌಸಿನ ತುದಿ ತುಂಡಾಯಿತು. ಬೆರಳು ಉಳಿದದ್ದು ಆಕೆಯ ಪುಣ್ಯ.

ನಾನು ಫೋನು ಮಾಡಿದ ಕೂಡಲೇ ಧರಣಪ್ಪಣ್ಣ ಕಾರ್ಖಾನೆಗೆ ಓಡಿಬಂದರು. ಡಯೋಡ್ ಹಾಕಿದರು. ಬ್ಲೇಡಿನ ಮುಚ್ಚಳ ತೆರೆದರೆ ಕರೆಂಟೇ ಕಡಿಯುವಂತೆ ಒಂದು ಸ್ವಿಚ್ಚನ್ನೂ ಕೂರಿಸಿದರು.

“ಮರೆತದ್ದಾ?”

“ಇಲ್ಲ ಅಣ್ಣ. ನಾಳೆ ಹಾಕುವ ಅಂತ…”

ಗಂಟೆ ನಾಲ್ಕೂವರೆ ದಾಟಿತ್ತು. ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ತಿರುಗಿ ನೋಡಲಿಲ್ಲ.

“ಅಣ್ಣ ಬರ್ತೇನೆ ಹೇಳ್ಲೇ ಇಲ್ಲ ಅಲ್ವಾ?” ಎಂದರು ಗೀತಕ್ಕ. ನನಗೆ ಕೂರಲಾಗಲಿಲ್ಲ. ಗೇಟಿನವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಂದೂವರೆ ಗಂಟೆ ಕಳೆದಿರಬಹುದು, ಬಾಗಿಲಲ್ಲಿ ಅವರೇ! ಅರ್ಧ ದಾರಿಯಲ್ಲಿ ಬಸ್ಸಿಳಿದು ತಿರುಗಿ ಬಂದವರು ಏದುಸಿರು ಬಿಡುತ್ತಿದ್ದರು.

“ಹೇಳ್ಲಿಕ್ಕೆ ಬಿಟ್ಟುಹೋಯ್ತು ಮಾರಾಯ. ಬರ್ತೇನೆ, ಆಯ್ತಾ?”

ಮುಂದಿನ ಬಸ್ಸಿಗೆ ಅವರನ್ನು ಹತ್ತಿಸಿ ತಿರುಗಿದಾಗಲೇ ನಾನು ಪಶ್ಚಿಮದ ಕಡೆ ನೋಡಿದ್ದು. ಸೂರ್ಯ ಮುಳುಗಿಯಾಗಿತ್ತು. ಆ ಒಂದು ಮಾತಿಗಾಗಿ ಅವರು ಊಟ ಬಿಟ್ಟಿದ್ದರು.

ಎಂಟನೆಯ ದಿನ ಎದೆನೋವು ಬಂದು ಹೋಗಿಯೇಬಿಟ್ಟರು. ಈಗ ನಾಲ್ಕೂವರೆಯಾದರೆ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಮೆಟ್ಟಿಲ ಕಡೆ ನೋಡುತ್ತೇನೆ.