ಗುಡ್ಡದ ಬಸದಿಯಲ್ಲಿ ಅರ್ಧಕ್ಕೆ ನಿಂತ ಊಟ

ಹೋದ ಚಳಿಗಾಲದಲ್ಲಿ ಕೃಷ್ಣೆಯ ದಂಡೆಯ ಮೇಲೆ ಬೋಟಿಗೆ ಕಾಯುತ್ತ ನಿಂತಿದ್ದೆ. ನನ್ನ ಮುಂದಿದ್ದ ಮುದುಕಿಯೊಬ್ಬರು ನೀರು ಸೋಸುವ ದಪ್ಪ ಬಿಳಿ ಬಟ್ಟೆಯನ್ನು ಹೊಳೆಯಲ್ಲಿ ಜಾಲಾಡಿ ಹಿಂಡಿದರು. ತೊಯ್ದ ಹತ್ತಿ ಬಟ್ಟೆಯ ವಾಸನೆ, ಅದರೊಳಗೆ ಒಂದಿಷ್ಟು ಹೊಳೆಯ ಕೆಸರಿನ ವಾಸನೆ... ಮೂಗಿಗೆ ಬಡಿದದ್ದೇ ತಡ, ಚಿಕ್ಕಮ್ಮನಂತಿದ್ದ ನಮ್ಮ ನೆರೆಮನೆಯ ಕಾಕೂ ಪಕ್ಕದಲ್ಲಿ ಬಂದು ನಿಂತಂತಾಯಿತು. ನನ್ನ ಮುಖ ನೋಡಿದ ಸೊಸೆ, "ಯಾಕ್ರಿ ಅತ್ತಿ, ಚಕ್ಕರ ಬಂತೇನ್ರಿ?" ಅಂದಳು. ಏನಿಲ್ಲ ಎಂದು ಅವಳ ಕೈ ಹಿಡಿದು ಬೋಟು ಹತ್ತಿದೆ.

ಹೊಳೆಯಾಚೆ ಒಂದು ಕಲ್ಲುಗುಡ್ಡವಿದೆ. ಅದರ ನೆತ್ತಿಯ ಮೇಲೆ ಮಾಡು ಕುಸಿದ ಹಳೆಯ ಬಸದಿ, ಅರ್ಧ ಮುರಿದ ಕಂಬಗಳು, ಒಂದು ಬಾವಿ. ಈಗ ಅದು ಪ್ರವಾಸಿಗರ ಜಾಗ. ಹುಟ್ಟು ಹಾಕುವ ದೋಣಿ ಹೋಗಿ ಮಷೀನಿನ ಬೋಟು ಬಂದಿದೆ, ಗುಡ್ಡ ಹತ್ತಲು ಕಲ್ಲು ಹಾಸಿದ ದಾರಿಯಾಗಿದೆ, ದಾರಿ ತಪ್ಪಬಾರದೆಂದು ಬಾಣದ ಗುರುತು ಬೇರೆ. ಜನ ಬುತ್ತಿ ಕಟ್ಟಿಕೊಂಡು ಮಕ್ಕಳೊಂದಿಗೆ ಬರುತ್ತಾರೆ. ಬರಲಿ, ಬೇಡವೆನ್ನಲು ನಾನ್ಯಾರು? ಆದರೆ ನಾನು ಆ ಗುಡ್ಡವನ್ನು ಮೊದಲ ಸಲ ಹತ್ತಿದ್ದು ಎಂಬತ್ತರ ದಶಕದ ನಡುವೆ, ಕಾಕೂನ ಹಿಂದೆ, ತಲೆಯ ಮೇಲೆ ತಾಮ್ರದ ಕೊಡ ಹೊತ್ತುಕೊಂಡು.

ನಾನು ಅಥಣಿಯ ಕಡೆಯಿಂದ ಹಾರೂಗೇರಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆಗೂ ಕಾಕೂನ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಹಾಗೆಯೇ ಜೈನರು. ಗಂಡ ಬೇಗ ಹೋಗಿದ್ದರು, ಇದ್ದವಳು ಒಬ್ಬಳೇ ಮಗಳು, ನನ್ನ ಓರಗೆಯವಳು. ಕಾಕೂನ ಬಾಯಿ ಜೋರು. ನಾನು ಮಾಡಿದ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಅಥಣ್ಯಾಗ ರೊಟ್ಟಿಗೆ ಮೂಲಿ ಇರ್ತಾವೇನ ಬೇ?" ಎಂದು ಕೇಳಿದ್ದರು. ನನಗೆ ಅಳು ಬಂದಿತ್ತು. ಮರುದಿನ ಬೆಳಿಗ್ಗೆ ತಾವೇ ಬಂದು ನನ್ನ ಕೈ ಮೇಲೆ ಕೈ ಇಟ್ಟು ಬಡಿಯುವುದನ್ನು ಕಲಿಸಿದರು. ಅವರ ಮಗಳು ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಗುತ್ತಿದ್ದಳು.

ಆ ನಗುವ ಹುಡುಗಿ ಎರಡು ವರ್ಷದೊಳಗೆ ದೀಕ್ಷೆ ತೆಗೆದುಕೊಳ್ಳುತ್ತೇನೆ ಅಂದಳು. ಕಾಕೂ ಬೇಡವೆನ್ನಲಿಲ್ಲ. "ಸಣ್ಣಾಕಿ ಇದ್ದಾಗಿಂದ ಕೈ ಹಿಡದ ಪ್ರವಚನಕ್ಕ ಕರಕೊಂಡ ಹೋದಾಕಿ ನಾನ. ಈಗ ಯಾವ ಬಾಯಿಲೆ ಬ್ಯಾಡ ಅನ್ಲಿ?" ಎಂದರು. ದೀಕ್ಷೆಯ ದಿನ ಸಾವಿರ ಜನರ ಎದುರು ಅವಳ ಉದ್ದ ಜಡೆಯ ಕೂದಲನ್ನು ಕೈಯಿಂದ ಕಿತ್ತು ತೆಗೆಯುವಾಗ ಕಾಕೂ ಕಣ್ಣು ತುಂಬಿಕೊಳ್ಳದೆ ನಿಂತರು. ಎಂಥ ಗಟ್ಟಿ ತಾಯಿ ಎಂದು ಊರು ಹೊಗಳಿತು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ, ಆದರೆ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಅಂದಿನಿಂದ ಅವಳು ನಮಗೆಲ್ಲ ಮಾತಾಜಿ. ಹೆತ್ತವಳೂ ಕೈಮುಗಿದು ಮಾತಾಜಿ ಎನ್ನಬೇಕು. ಬಿಳಿ ಸೀರೆ, ಇರುವೆ ಹುಳು ಸರಿಸುವ ನವಿಲುಗರಿಯ ಪಿಂಛಿ, ದಿನಕ್ಕೆ ಒಂದೇ ಊಟ, ಅದೂ ಬೊಗಸೆಯಲ್ಲಿ. ಮುನಿ-ಮಾತಾಜಿಯರ ಸಂಘದ ಜೊತೆ ಕಾಲ್ನಡಿಗೆಯಲ್ಲಿ ಊರೂರು ತಿರುಗುತ್ತ ಅವರು ಮಹಾರಾಷ್ಟ್ರದ ಕಡೆ ಹೊರಟುಹೋದರು.

ಆ ಸಂಘ ತಿರುಗಿ ಬಂದು ಗುಡ್ಡದ ಹಾಳು ಬಸದಿಯಲ್ಲಿ ನಾಲ್ಕು ದಿನ ತಂಗಲಿದೆ ಎಂಬ ಸುದ್ದಿ ಬಂದಾಗ ಕಾಕೂ ನಮ್ಮ ಬಾಗಿಲಿಗೆ ಬಂದು ನಿಂತರು. ಮಗಳಿಗೆ ತಮ್ಮ ಕೈಯಾರೆ ಒಮ್ಮೆ ಉಣ್ಣಿಸಬೇಕು, ಅಷ್ಟೇ ಆಸೆ. ಅದು ಸುಲಭವಲ್ಲ. ಬೊಗಸೆಯಲ್ಲಿ ಒಂದು ಕೂದಲು ಬಂದರೆ, ಇರುವೆ ಬಂದರೆ, ಅಳುವ ದನಿ ಕಿವಿಗೆ ಬಿದ್ದರೆ, ತಮ್ಮದೇ ಕಣ್ಣೀರು ಉದುರಿದರೆ ಅಂತರಾಯ. ಅಲ್ಲಿಗೆ ಊಟ ನಿಲ್ಲಬೇಕು, ಮರುದಿನದವರೆಗೆ ಗುಟುಕು ನೀರೂ ಇಲ್ಲ.

ಮೊದಲ ಬಸ್ಸು ಹಿಡಿದು ಹೊಳೆಗೆ ಬಂದೆವು. ದೋಣಿಯಲ್ಲಿ ಹಿಟ್ಟಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಕಾಕೂ ನನ್ನ ಮೊಣಕೈ ಹಿಡಿದರು. "ನಾ ಅತ್ತರ ಆಕಿ ಉಪಾಸ ಬೀಳ್ತಾಳ. ನೀ ನನ್ನ ಮಾರಿ ನೋಡ್ಕೋತ ನಿಂದ್ರು. ಕಣ್ಣಾಗ ನೀರ ಕಂಡೂ ಅಂದ್ರ ಹಿಂದಕ್ಕ ಜಗ್ಗಿಬಿಡು, ಮಂದಿ ಏನಂತಾರ ನೋಡಬ್ಯಾಡ." ಆಗಲಿ ಎಂದೆ. ಎಂಟು ದಿನದಿಂದ ಒಬ್ಬರೇ ಕೂತು ಅಳದಿರುವುದನ್ನು ರೂಢಿ ಮಾಡಿಕೊಂಡಿದ್ದರಂತೆ.

ಆಗ ಗುಡ್ಡಕ್ಕೆ ದಾರಿಯೆಂದರೆ ಕುರಿಗಳು ಓಡಾಡಿ ಬಿದ್ದ ಜಾಡು. ಅರ್ಧಕ್ಕೆ ಬಂದಾಗ ನಾನು ಏದುಸಿರು ಬಿಡುತ್ತ ಕೂತೆ, ಕಾಕೂ ಕೂರಲಿಲ್ಲ. ಮೇಲೆ ಹೋಗಿ ಬಾವಿಯ ನೀರು ಸೇದಿ, ಮಿಂದು ಮಡಿಯುಟ್ಟು, ನೀರನ್ನು ಬಟ್ಟೆಯಲ್ಲಿ ಸೋಸಿದರು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಮೆಲ್ಲಗೆ ಅದೇ ಬಾವಿಗೆ ಇಳಿಸಿ ತೊಳೆದರು. ಬಸದಿಯ ಮಂಟಪಕ್ಕೆ ಮಾಡು ಇರಲಿಲ್ಲವಾದ್ದರಿಂದ ಮೇಲಿನಿಂದ ಏನೂ ಬೀಳದಂತೆ ಕಂಬದಿಂದ ಕಂಬಕ್ಕೆ ಪಂಚೆ ಬಿಗಿದು, ಅದರ ಕೆಳಗೆ ಮೂರು ಕಲ್ಲಿನ ಒಲೆ ಹೂಡಿದೆವು. ಬೇರೆ ಊರಿನವರೂ ಅಲ್ಲಲ್ಲಿ ಒಲೆ ಹೂಡಿದ್ದರು. ಮಾತಾಜಿ ಉಪ್ಪು, ತುಪ್ಪ ಬಿಟ್ಟಿದ್ದಾರೆಂದು ಯಾರೋ ಹೇಳಿದರು. ಕಾಕೂ ಮರುಮಾತಾಡದೆ ಉಪ್ಪಿನ ಬಟ್ಟಲನ್ನು ದೂರ ಸರಿಸಿ ಜೋಳದ ನುಚ್ಚು ಬೇಯಿಸಿದರು.

ಆಹಾರಕ್ಕೆ ಹೊರಡುವವರು ಮನಸ್ಸಿನಲ್ಲೇ ಒಂದು ಗುರುತು ನೆನೆದು ಹೊರಡುತ್ತಾರೆ, ಅದು ಕಂಡವರ ಕಡೆಯೇ ನಿಲ್ಲುತ್ತಾರೆ. ಕಾಕೂ ಕಳಶದ ಮೇಲೆ ತೆಂಗಿನಕಾಯಿ ಇಟ್ಟು ಹಿಡಿದು ನಿಂತಿದ್ದರು. ಮಾತಾಜಿ ನೆಲ ನೋಡುತ್ತ ಬಂದರು. ತುಂಬ ಸೊರಗಿದ್ದರು. ಎಲ್ಲರನ್ನೂ ದಾಟಿ ನಮ್ಮೆದುರು ನಿಂತರು. ಯಾವ ಗುರುತು ನೆನೆದಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಮಣೆಯ ಮೇಲೆ ಕೂತು ಬೊಗಸೆ ಒಡ್ಡಿದರು. ಕಾಕೂ ಒಂದೊಂದೇ ತುತ್ತು ಇಡುತ್ತ ಹೋದರು. ಅವರು ಹೇಳಿದ್ದ ಹಾಗೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಣ ಮುಖ, ಒಣ ಕಣ್ಣು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಮಾತಾಜಿ ಸಾಕೆಂಬಂತೆ ಬೆರಳು ಸ್ವಲ್ಪ ಮಡಚಿದರು. ಕಾಕೂನ ಬಾಯಿಂದ, ಅವರಿಗೇ ಅರಿವಿಲ್ಲದೆ, ತೊಟ್ಟಿಲ ಕೂಸನ್ನು ಕರೆದು ರೂಢಿಯಾದ ಮಾತು ಬಂದುಬಿಟ್ಟಿತು.

"ತಿನ್ನ ಬಾಳಾ, ಇನ್ನೊಂದ ತುತ್ತ."

ಮಾತಾಜಿ ತಲೆ ಎತ್ತಲಿಲ್ಲ. ಬೊಗಸೆಯಲ್ಲಿದ್ದ ನುಚ್ಚಿನ ಮೇಲೆ ಒಂದು ಹನಿ ಬಿತ್ತು. ಅವರು ನಿಧಾನವಾಗಿ ಕೈ ಬಿಡಿಸಿದರು, ತುತ್ತು ತಟ್ಟೆಗೆ ಜಾರಿತು. ಎದ್ದು ಪಿಂಛಿ ಎತ್ತಿಕೊಂಡು ಬಸದಿಯೊಳಗೆ ಹೋದರು. ನೀರನ್ನೂ ಕುಡಿದಿರಲಿಲ್ಲ... ನೀರಿನ ಹಿತ್ತಾಳೆ ತಂಬಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಗುಡ್ಡ ಇಳಿಯುವವರೆಗೂ ಕಾಕೂ ಊಟ ಮುಟ್ಟಲಿಲ್ಲ. ದೋಣಿ ಹೊಳೆಯ ನಡುವೆ ಬಂದಾಗ ನೀರು ನೋಡುತ್ತ ಅಂದರು, "ಅಳಬಾರದಂತ ಕಲತಿದ್ನೆವ್ವಾ. ಕರೀಬಾರದಂತ ನೆನಪ ಇಟಗೊಳ್ಳಲಿಲ್ಲ." ಆಮೇಲೆ ಅತ್ತರು. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

ಆಮೇಲೆ ಕಾಕೂ ಮಗಳ ಎದುರಿಗೆ ಹೋಗಲೇ ಇಲ್ಲ. ತಮ್ಮ ಮುಖ ಕಂಡರೆ ಆಕೆಗೆ ಊಟ ತಪ್ಪುತ್ತದೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರು. ಸಂಘ ಮುಗಳಖೋಡಕ್ಕೆ ಬರಲಿ, ನಮ್ಮೂರಿಗೇ ಬರಲಿ, ಕಾಕೂ ನಮ್ಮ ಅಡಿಗೆಮನೆಯಲ್ಲೋ ಅಲ್ಲಿಯ ನಮ್ಮ ಬೀಗರ ಅಡಿಗೆಮನೆಯಲ್ಲೋ ಎಲ್ಲವನ್ನೂ ತಾವೇ ಮಾಡಿ ಬಾಗಿಲ ಹಿಂದೆ ಕೂತುಬಿಡುತ್ತಿದ್ದರು. ಹೊರಗೆ ತುತ್ತು ಇಡುವವಳು ನಾನು. ಮುಗಿದ ಮೇಲೆ ಒಳಗೆ ಹೋದರೆ ಒಂದೇ ಪ್ರಶ್ನೆ, "ಹೊಟ್ಟಿ ತುಂಬ ಆತೇನ?" ಆತು ಕಾಕೂ ಅಂದರೆ ಸೆರಗಿನಿಂದ ಮುಖ ಒರೆಸಿಕೊಂಡು ಪಾತ್ರೆ ತೊಳೆಯಲು ಕೂರುವರು. "ಆಕಿಗೇನೂ ಗೊತ್ತಾಗಿಲ್ಲಲ್ಲ?" ಎಂದೂ ಕೇಳುತ್ತಿದ್ದರು. ಇಲ್ಲವೆನ್ನುತ್ತಿದ್ದೆ. ನನಗೂ ಹಾಗೇ ಅನಿಸಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ, ಒಂದು ಶ್ರಾವಣದಲ್ಲಿ, ಜ್ವರ ಬಂದು ಕಾಕೂ ಹೋದರು. ಸಂಘ ಎಲ್ಲೋ ದೂರದಲ್ಲಿತ್ತು. ಮನೆ ಬಿಟ್ಟವರಿಗೆ ಮನೆಯ ಸುದ್ದಿ ಮುಟ್ಟಿಸಬಾರದು ಅಂದರು ಹಿರಿಯರು. ಮರುವರ್ಷ ಮಾತಾಜಿ ನಮ್ಮೂರಿಗೆ ಬಂದಾಗ ನಮ್ಮ ಅಂಗಳದಲ್ಲೇ ಆಹಾರವಾಯಿತು. ಅಡಿಗೆ ನನ್ನದೇ. ಯಾವ ಅಂತರಾಯವೂ ಬರಲಿಲ್ಲ. ಊಟದ ಮೌನ ಮುಗಿದು ಬಾಯಿ ತೊಳೆದ ಮೇಲೆ ಅವರು ಅಡಿಗೆಮನೆಯ ಬಾಗಿಲ ಕಡೆ ನೋಡಿದರು.

"ಈ ಸಲ ಒಳಗ ಅವರಿಲ್ಲೇನ್ರಿ?"

ನಾನು ತಲೆ ಬಗ್ಗಿಸಿದೆ. "ಇಲ್ರಿ ಮಾತಾಜಿ. ಹೋದ ಶ್ರಾವಣದಾಗ ಹೋದರ್ರಿ," ಎಂದೆ.

ಅವರು ಪಿಂಛಿ ಕೈಗೆತ್ತಿಕೊಂಡರು. ಆಮೇಲೆ, "ಆ ಕೈ ನನಗ ಗೊತ್ತಿಲ್ಲೇನ್ರಿ? ಪ್ರತಿ ಸಲ ಗೊತ್ತಿತ್ತು. ಆ ಕಡೆ ನೋಡಿದ್ರ ಊಟ ನಿಲ್ಲತಿತ್ತು. ಊಟ ನಿಂತ್ರ ಒಳಗಿದ್ದವರು ಉಪಾಸ ಇರತಿದ್ರು. ಅದಕ್ಕ ನೋಡ್ಲಿಲ್ಲ," ಅಂದರು. ಅವರು ಬಾಗಿಲು ದಾಟಿ ಹೋಗುವವರೆಗೂ ನಾನು ಬಗ್ಗಿಸಿದ ತಲೆ ಎತ್ತಲಿಲ್ಲ. ಅವರ ಕಣ್ಣು ನೋಡುವ ಧೈರ್ಯ ನನಗಿರಲಿಲ್ಲ.

ಈಗ ಮಾತಾಜಿಯೂ ಇಲ್ಲ. ಹೋದ ಚಳಿಗಾಲದ ಆ ದಿನ ಗುಡ್ಡ ಹತ್ತಿ ಆ ಮಂಟಪದಲ್ಲಿ ಕೂತಾಗ ಪಕ್ಕದಲ್ಲಿ ಯಾರೋ ತಾಯಿ ಮಗುವಿನ ಹಿಂದೆ ಡಬ್ಬಿ ಹಿಡಿದು ಓಡುತ್ತಿದ್ದಳು, ಮಗು ಕಂಬ ಸುತ್ತಿ ತಪ್ಪಿಸಿಕೊಳ್ಳುತ್ತಿತ್ತು. ಸೊಸೆ ಕಂಬದ ಕೆತ್ತನೆಯ ಫೋಟೊ ತೆಗೆಯುತ್ತ, "ಇಲ್ಲಿ ಮೊದಲ ಬಂದಿದ್ರೇನ್ರಿ ಅತ್ತಿ?" ಎಂದು ಕೇಳಿದಳು. ಬಂದಿದ್ದೆ ಅಂದೆ. ಸತ್ತವರಿಗೆ ಮಾತು ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ಅವಳು ಅತ್ತ ತಿರುಗಿದಾಗ ಸಣ್ಣ ದನಿಯಲ್ಲಿ ಹೇಳಿದೆ: ಆಕಿಗೆ ಗೊತ್ತಿತ್ತು ಕಾಕೂ. ನೀವು ಒಳಗಿದ್ದದ್ದು ಗೊತ್ತಿದ್ದೇ ಉಣ್ಣತಿದ್ದಳು.